ವಿಶೇಷ ಅಗತ್ಯವುಳ್ಳ ಮಗುವನ್ನು ಶಾಲೆಗೆ ಸೇರಿಸಿ, ದಿನವೂ ಸುರಕ್ಷಿತವಾಗಿ ಕಳುಹಿಸುವುದು ಹೇಗೆ: ಕರ್ನಾಟಕದ ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ಮೂರನೆಯ ತರಗತಿಯ ಒಬ್ಬ ಹುಡುಗ ವಾರಕ್ಕೆ ಎರಡು ಮೂರು ದಿನವಷ್ಟೇ ಶಾಲೆಗೆ ಬರುತ್ತಿದ್ದ. ಅವನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಗೆ ತೊಡಕಾಗುವ ಸ್ಥಿತಿ ಇತ್ತು. ವಾಕರ್ ಹಿಡಿದು ನಿಧಾನವಾಗಿ ನಡೆಯಬಲ್ಲವನಾಗಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿದ್ದವು. ಕಾರಣ ಕೇಳಿದರೆ ಮೇಷ್ಟ್ರು, ತಾಯಿ ಇಬ್ಬರೂ ‘ಆರೋಗ್ಯ ಸರಿಯಿರುವುದಿಲ್ಲ’ ಎಂದೇ ಹೇಳುತ್ತಿದ್ದರು. ಒಂದು ದಿನ ಅವನ ಪಕ್ಕದಲ್ಲೇ ಕುಳಿತು ಬೆಳಗಿನಿಂದ ಗಮನಿಸಿದಾಗ ವಿಷಯ ತಿಳಿಯಿತು. ಶೌಚಾಲಯದ ಬಾಗಿಲಲ್ಲಿ ಗೇಣುದ್ದದ ಒಂದು ಮೆಟ್ಟಿಲಿತ್ತು. ಅದನ್ನು ದಾಟಲಾಗದೆಂದು ಅವನು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು ಬಂದು ಮನೆಗೆ ಹೋಗುತ್ತಿದ್ದ. ಮರುದಿನ ಏಳುತ್ತಲೇ ಇರಲಿಲ್ಲ. ಆ ಮೆಟ್ಟಿಲಿಗೆ ಸಿಮೆಂಟಿನ ಇಳಿಜಾರು ಮಾಡಿಸಿ, ಗೋಡೆಗೊಂದು ಕಬ್ಬಿಣದ ಹಿಡಿಕೆ ಹಾಕಿಸಿದ ನಂತರ ಅವನ ‘ಆರೋಗ್ಯ’ ಸರಿಹೋಯಿತು.

ಸಮನ್ವಯ ಶಿಕ್ಷಣದ, ಅಂದರೆ ಇಂಥ ಮಕ್ಕಳನ್ನು ಇತರ ಮಕ್ಕಳೊಂದಿಗೇ ಕಲಿಸುವ ಕೆಲಸದಲ್ಲಿ ವರ್ಷಗಳನ್ನು ಕಳೆದವಳಾಗಿ ನಾನು ಈ ಘಟನೆಯನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ವಿಶೇಷ ಅಗತ್ಯವುಳ್ಳ ಮಗು ಶಾಲೆ ತಪ್ಪಿಸುತ್ತಿದೆಯೆಂದರೆ, ಬಹುಪಾಲು ಸಂದರ್ಭಗಳಲ್ಲಿ ಅದರ ಹಿಂದೆ ಯಾರೂ ಗಮನಿಸದ ಒಂದು ಅಪಾಯವೋ, ಸಿಗದೇ ಹೋದ ಒಂದು ನೆರವೋ ಇರುತ್ತದೆ. ಆದ್ದರಿಂದ ಹಾಜರಿ, ಸುರಕ್ಷತೆ, ನೆರವು ಇವುಗಳಿಗೆ ಬೇರೆ ಬೇರೆ ಕಡೆ ಅಲೆಯದೆ, ಮೂರನ್ನೂ ಒಟ್ಟಿಗೆ ಶಾಲೆಯೊಂದಿಗೆ ಮಾತನಾಡಿ, ಒಪ್ಪಿಕೊಂಡದ್ದನ್ನು ಬರಹದಲ್ಲಿ ಇರಿಸಿಕೊಳ್ಳುವುದು ಹೇಗೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ದಾಖಲಾತಿ

2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣದ ವೈಕಲ್ಯವಿರುವ ಮಕ್ಕಳಿಗೆ ಈ ಹಕ್ಕನ್ನು 18 ವರ್ಷದವರೆಗೆ ವಿಸ್ತರಿಸಿದೆ; ನೆರೆಹೊರೆಯ ಶಾಲೆ ಬೇಕೋ, ವಿಶೇಷ ಶಾಲೆ ಬೇಕೋ ಎಂಬ ಆಯ್ಕೆ ಮಗುವಿಗೆ ಮತ್ತು ಪೋಷಕರಿಗೆ ಸೇರಿದ್ದು. ‘ಇಂಥ ಮಕ್ಕಳಿಗೆ ವಿಶೇಷ ಶಾಲೆಯೇ ಸರಿ, ಅಲ್ಲಿಗೆ ಸೇರಿಸಿ’ ಎಂದು ಮುಖ್ಯ ಶಿಕ್ಷಕರು ಹೇಳಬಹುದು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರಬಹುದು. ಆದರೆ ಅದು ಸಲಹೆ ಮಾತ್ರ, ತೀರ್ಮಾನವಲ್ಲ.

ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಶಾಲೆ ಆರಂಭವಾಗಿ ತಿಂಗಳುಗಳು ಕಳೆದಿವೆಯೆಂದಾಗಲಿ ದಾಖಲಾತಿ ನಿರಾಕರಿಸುವಂತಿಲ್ಲ. ವಿಕಲಚೇತನರ ಗುರುತಿನ ಚೀಟಿ ಬಂದ ಮೇಲೆ ಬನ್ನಿ ಎನ್ನುವುದೂ ಸರಿಯಲ್ಲ; ಚೀಟಿ ಬೇಕಾಗುವುದು ಸೌಲಭ್ಯಗಳಿಗೆ, ದಾಖಲಾತಿಗಲ್ಲ. ಇಷ್ಟಾಗಿಯೂ ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ‘ಸರ್, ಸೇರಿಸಿಕೊಳ್ಳಲು ಆಗುವುದಿಲ್ಲವೆಂಬುದನ್ನು ಕಾರಣ ಸಮೇತ ಒಂದು ಹಾಳೆಯಲ್ಲಿ ಬರೆದು ಕೊಡಿ, ನಾನು ಬಿಇಒ ಸಾಹೇಬರಿಗೆ ತೋರಿಸುತ್ತೇನೆ’ ಎಂದು ಶಾಂತವಾಗಿ ಕೇಳಿ. (ಬಿಇಒ ಎಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ.) ನಾನು ಕಂಡಂತೆ, ಈ ಒಂದು ಮಾತಿಗೆ ಅರ್ಧಕ್ಕಿಂತ ಹೆಚ್ಚು ಬಾಗಿಲುಗಳು ತೆರೆದಿವೆ.

ದಾಖಲಾತಿಯಾದ ಮೇಲೆ ಮರೆಯದೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಶಾಲೆಯವರು ಪ್ರತಿ ಮಗುವಿನ ವಿವರವನ್ನು ಎಸ್‌ಎಟಿಎಸ್ ತಂತ್ರಾಂಶದಲ್ಲಿ ತುಂಬುತ್ತಾರೆ. ಅಲ್ಲಿ ನಿಮ್ಮ ಮಗುವಿನ ವೈಕಲ್ಯದ ಬಗೆ ಸರಿಯಾಗಿ ನಮೂದಾಗಿದೆಯೇ ಎಂದು ಪರದೆಯನ್ನೇ ತೋರಿಸಲು ಕೇಳಿ. ಸಾಧನ ಸಲಕರಣೆ, ಭತ್ಯೆ, ವೈದ್ಯಕೀಯ ಶಿಬಿರ ಇವೆಲ್ಲಕ್ಕೂ ಮಕ್ಕಳ ಲೆಕ್ಕ ಹೋಗುವುದು ಇಂಥ ದಾಖಲೆಗಳಿಂದಲೇ. ಆ ಕಾಲಂ ಖಾಲಿಯಿದ್ದರೆ ಅನುದಾನದ ಲೆಕ್ಕದಲ್ಲಿ ನಿಮ್ಮ ಮಗು ಇರುವುದೇ ಇಲ್ಲ.

ಕಾಗದಪತ್ರಗಳು

ಯುಡಿಐಡಿ ಎಂದು ಕರೆಯುವ ವಿಕಲಚೇತನರ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮಗುವಿನ ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಈವರೆಗಿನ ವೈದ್ಯಕೀಯ ಚೀಟಿಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಅರ್ಜಿ ಹಾಕಲು ಸೈಬರ್ ಕೇಂದ್ರಗಳಿಗೆ ದುಡ್ಡು ಸುರಿಯಬೇಕಾಗಿಲ್ಲ: ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಇದು ಅವರ ಕೆಲಸವೇ. ವೈದ್ಯಕೀಯ ತಪಾಸಣೆಯಲ್ಲಿ ವೈಕಲ್ಯದ ಪ್ರಮಾಣ ಶೇಕಡಾ 40ಕ್ಕಿಂತ ಕಡಿಮೆ ಬಂದರೆ ಎದೆಗುಂದಬೇಡಿ. ಕೆಲವು ಸೌಲಭ್ಯಗಳು ಸಿಗದಿರಬಹುದು, ಆದರೆ ತಾರತಮ್ಯವಿಲ್ಲದೆ ಸೇರಿಸಿಕೊಂಡು ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವ ಶಾಲೆಯ ಕರ್ತವ್ಯ ಪ್ರಮಾಣದ ಮೇಲೆ ನಿಂತಿಲ್ಲ. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.

ಓದು ಬರಹದಲ್ಲಿ ಮಾತ್ರ ತೊಡಕಿರುವ, ಅಂದರೆ ನಿರ್ದಿಷ್ಟ ಕಲಿಕಾ ನ್ಯೂನತೆಯುಳ್ಳ ಮಕ್ಕಳ ವಿಷಯದಲ್ಲಿ ಗುರುತಿಸುವುದೇ ತಡವಾಗುತ್ತದೆ. ‘ಸೋಮಾರಿ’ ಎಂಬ ಬಿರುದು ಹೊತ್ತು ನಾಲ್ಕೈದು ವರ್ಷ ಕಳೆದ ಮಕ್ಕಳನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಎನ್‌ಸಿಇಆರ್‌ಟಿ ರೂಪಿಸಿರುವ ‘ಪ್ರಶಸ್ತ್’ ಎಂಬ ತಪಾಸಣಾ ಪಟ್ಟಿಯ ಮೂಲಕ ತರಗತಿ ಶಿಕ್ಷಕರೇ ಪ್ರಾಥಮಿಕವಾಗಿ ಗುರುತಿಸಬಹುದು. ಅನುಮಾನವಿದ್ದರೆ ಅದನ್ನು ಬಳಸಲು ಕೇಳಿಕೊಳ್ಳಿ. ಆ ಬಳಿಕ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ನಡೆಯುತ್ತದೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ವೈಕಲ್ಯವಿರುವ ಮಗುವಾದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆಯನ್ನೂ ಮಾಡಿಸಿಕೊಳ್ಳಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಅವಕಾಶವಿದೆ.

ಶಾಲೆಯೊಂದಿಗೆ ಒಂದು ಹಾಳೆಯ ಒಪ್ಪಂದ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣಕ್ಕೆಂದು ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಮಗು ಸೇರಿದ ಮೊದಲ ತಿಂಗಳಲ್ಲೇ ಅವರನ್ನು ಶಾಲೆಗೆ ಕರೆಸಿ, ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು ಮತ್ತು ನೀವು ಒಟ್ಟಿಗೆ ಕುಳಿತುಕೊಳ್ಳುವಂತೆ ದಿನ ಗೊತ್ತುಮಾಡಿಸಿ. ಅಂದು ವೈಯಕ್ತಿಕ ಶಿಕ್ಷಣ ಯೋಜನೆಯೊಂದು ಬರಹಕ್ಕೆ ಇಳಿಯಬೇಕು.

ಈ ಯೋಜನೆಗಳು ಹೆಚ್ಚಾಗಿ ಸೋಲುವುದು ಭಾಷೆಯಲ್ಲಿ. ‘ಮಗುವಿಗೆ ಅಗತ್ಯ ಪ್ರೋತ್ಸಾಹ ನೀಡಲಾಗುವುದು’ ಎಂದು ಬರೆದರೆ ಯಾರೂ ಏನೂ ಮಾಡಬೇಕಾಗಿಲ್ಲ. ಕಿವಿ ಸರಿಯಾಗಿ ಕೇಳಿಸದ ಒಬ್ಬ ಹುಡುಗಿಗಾಗಿ ನಾವು ಬರೆದುಕೊಂಡದ್ದು ಹೀಗಿತ್ತು: ‘ಬಲಗಿವಿ ಸ್ವಲ್ಪ ಕೇಳಿಸುತ್ತದೆ. ಆದ್ದರಿಂದ ಎಡಗಡೆ ಗೋಡೆ ಬರುವಂತೆ ಎರಡನೆಯ ಸಾಲಿನಲ್ಲಿ ಕೂರಿಸುವುದು. ಕಪ್ಪುಹಲಗೆಯ ಕಡೆ ತಿರುಗಿಕೊಂಡು ಪಾಠ ಹೇಳದೆ, ಬರೆದು ಮುಗಿಸಿ, ಮುಖ ತಿರುಗಿಸಿ ಮಾತನಾಡುವುದು. ಉಕ್ತಲೇಖನದಲ್ಲಿ ಪ್ರತಿ ಪದವನ್ನು ಎರಡು ಸಲ ಹೇಳುವುದು. ಶ್ರವಣ ಸಾಧನದ ಹೆಚ್ಚುವರಿ ಬ್ಯಾಟರಿ ತರಗತಿ ಶಿಕ್ಷಕಿಯ ಮೇಜಿನ ಖಾನೆಯಲ್ಲಿ ಇರುವುದು.’ ಇವುಗಳಲ್ಲಿ ಯಾವುದಕ್ಕೂ ದುಡ್ಡು ಬೇಕಿರಲಿಲ್ಲ. ಯಾರು, ಏನು, ಎಲ್ಲಿ ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ನಿಮ್ಮ ಮಗುವಿನ ಹಾಳೆಯೂ ಇಷ್ಟೇ ನಿರ್ದಿಷ್ಟವಾಗಿರಲಿ. ಮಂದದೃಷ್ಟಿಯ ಮಗುವಾದರೆ ಕಿಟಕಿಯ ಬೆಳಕು ಹಲಗೆಯ ಮೇಲೆ ಬಿದ್ದು ಎಲ್ಲಿಂದ ಹೊಳೆಯುತ್ತದೆಯೆಂದು ಅಲ್ಲಿಯೇ ನಿಂತು ನೋಡಿ ಜಾಗ ನಿರ್ಧರಿಸಿ. ಆಟಿಸಂ ಇರುವ ಮಗುವಿಗೆ ಗಂಟೆಯ ಸದ್ದು, ಪ್ರಾರ್ಥನಾ ಸಭೆಯ ಮೈಕಿನ ಅಬ್ಬರ ತಡೆಯಲಾಗದಿದ್ದರೆ, ಆ ಹತ್ತು ನಿಮಿಷ ಅದು ಎಲ್ಲಿರಬೇಕು, ಜೊತೆಗೆ ಯಾರಿರಬೇಕು ಎಂದು ಬರೆಯಿರಿ. ಬುದ್ಧಿಮಾಂದ್ಯವಿರುವ ಮಗುವಿಗೆ ‘ಕೂಡುವ ಲೆಕ್ಕ ಕಲಿಸುವುದು’ ಎನ್ನುವ ಬದಲು ‘ದಸರಾ ರಜೆಯೊಳಗೆ ಹತ್ತು ಕಡ್ಡಿಗಳನ್ನು ಎಣಿಸಿ ಕೊಡುವುದು’ ಎಂದಿರಲಿ. ಕೊನೆಯಲ್ಲಿ ಎಲ್ಲರ ಸಹಿ, ದಿನಾಂಕ, ಮತ್ತೆ ಸೇರುವ ತಿಂಗಳು ಇರಬೇಕು. ಒಂದು ಪ್ರತಿ ನಿಮ್ಮ ಕಡತಕ್ಕೆ ಬರಬೇಕು.

ಇದೇ ಸಭೆಯಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ದೊರೆಯುವ ಸೌಲಭ್ಯಗಳನ್ನು ಹೆಸರು ಹಿಡಿದು ಕೇಳಿ: ಸಾಧನ ಸಲಕರಣೆಗಾಗಿ ಅಳತೆ ತೆಗೆಯುವ ವೈದ್ಯಕೀಯ ಶಿಬಿರ ಯಾವಾಗ, ಸಾರಿಗೆ ಭತ್ಯೆ ಮತ್ತು ಬೆಂಗಾವಲು ಭತ್ಯೆಗೆ ಮಗುವಿನ ಹೆಸರು ಸೇರಿದೆಯೇ, ಫಿಜಿಯೋಥೆರಪಿ ಯಾವ ದಿನ ನಡೆಯುತ್ತದೆ ಎಂದು. ಹೆಣ್ಣುಮಗುವಾದರೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಶಿಷ್ಯವೇತನವೂ ಇದೆ. ಇವುಗಳ ಪಟ್ಟಿ ವರ್ಷದ ಆರಂಭದಲ್ಲೇ ಸಿದ್ಧವಾಗುವುದರಿಂದ ಜೂನ್ ತಿಂಗಳಲ್ಲಿ ಕೇಳಿದವರಿಗೆ ಅನುಕೂಲ ಹೆಚ್ಚು. 9 ಮತ್ತು 10ನೆಯ ತರಗತಿಗೆ ಬಂದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು.

ಗೈರುಹಾಜರಿಯ ಕಾರಣ ಹುಡುಕುವುದು

ಒಂದು ಸಣ್ಣ ನೋಟ್‌ಬುಕ್ ಇಟ್ಟು, ಮಗು ಶಾಲೆಗೆ ಹೋಗದ ಪ್ರತಿ ದಿನವನ್ನೂ ಕಾರಣ ಸಮೇತ ಬರೆಯಿರಿ. ಆರು ವಾರ ಬರೆದರೆ ಸಾಕು, ಒಂದು ಚಿತ್ರ ಮೂಡುತ್ತದೆ. ಮಳೆ ಬಂದ ದಿನವೆಲ್ಲ ಗೈರುಹಾಜರಿಯೇ? ಹಾಗಾದರೆ ತೊಂದರೆ ಇರುವುದು ದಾರಿಯಲ್ಲಿ. ಪ್ರತಿ ಗುರುವಾರ ತಪ್ಪುತ್ತಿದೆಯೇ? ಗುರುವಾರದ ವೇಳಾಪಟ್ಟಿಯಲ್ಲಿ ಏನಿದೆ, ಅಂದು ಯಾರ ತರಗತಿಯಿದೆ ಎಂದು ನೋಡಿ. ತಾಯಿಗೆ ಕೂಲಿ ಸಿಕ್ಕ ದಿನ ತಪ್ಪುತ್ತಿದ್ದರೆ ಕರೆದೊಯ್ಯುವವರಿಲ್ಲ ಎಂದರ್ಥ. ಬೆಂಗಾವಲು ಭತ್ಯೆ ಇರುವುದು ಇದಕ್ಕಾಗಿಯೇ. ಬಸ್ಸಿನ ದಾರಿಯಾದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೂ ಹೆಣ್ಣುಮಗುವಿಗೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ದುಡ್ಡು ಬೇಕಿಲ್ಲ. ಗಂಡುಮಗುವಿಗೆ ವಿಕಲಚೇತನರ ರಿಯಾಯಿತಿ ಪಾಸ್ ಮಾಡಿಸಿ.

ಥೆರಪಿಗಾಗಿ ಹೋಗುವ ದಿನಗಳನ್ನು ಮೊದಲೇ ರಜಾಪತ್ರದಲ್ಲಿ ತಿಳಿಸಿ, ಆಸ್ಪತ್ರೆಯ ಚೀಟಿಯ ನಕಲನ್ನು ಲಗತ್ತಿಸಿ. ಸಾಧ್ಯವಾದರೆ ಮಧ್ಯಾಹ್ನದ ಸಮಯ ಕೇಳಿಕೊಂಡು ಬೆಳಗಿನ ಪಾಠ ಉಳಿಸಿಕೊಳ್ಳಿ. ಹೈಸ್ಕೂಲಿಗೆ ಬಂದ ಮೇಲೆ ಈ ಪತ್ರಗಳ ಬೆಲೆ ತಿಳಿಯುತ್ತದೆ, ಏಕೆಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶೇಕಡಾ 75ರ ಹಾಜರಿ ಬೇಕು. ಹಾಜರಿ ಕಡಿಮೆಯಾದ ಮೇಲೆ ಓಡಾಡುವುದಕ್ಕಿಂತ, ಪ್ರತಿ ತಿಂಗಳ ಕೊನೆಗೆ ಶೇಕಡಾವಾರು ಎಷ್ಟಾಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ.

ಎರಡು ವಿಷಯಗಳಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಮೊದಲನೆಯದು, ‘ವಾರಕ್ಕೆ ಎರಡು ದಿನ ಕರೆತನ್ನಿ ಸಾಕು’ ಎಂಬ ಸೂಚನೆ. ಹೊಸ ವಾತಾವರಣಕ್ಕೆ ಒಗ್ಗಿಸಲು ಎರಡು ಮೂರು ವಾರ ಅರ್ಧ ದಿನ ಕಳುಹಿಸುವುದರಲ್ಲಿ ತಪ್ಪಿಲ್ಲ. ಆದರೆ ಪೂರ್ಣ ದಿನ ಯಾವ ತಾರೀಕಿನಿಂದ ಎಂಬುದು ಬರಹದಲ್ಲಿರಲಿ. ಎರಡನೆಯದು ಗೃಹಾಧಾರಿತ ಶಿಕ್ಷಣ. ತೀವ್ರ ಅಥವಾ ಬಹುವಿಧ ವೈಕಲ್ಯವಿದ್ದು ಶಾಲೆಗೆ ಬರಲಾಗದ ಮಕ್ಕಳಿಗೆಂದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯು ಕೊಟ್ಟ ಹಕ್ಕು ಅದು. ಮಲಗಿದಲ್ಲೇ ಇರುವ ಮಗುವಿನ ಮನೆಗೆ ಶಿಕ್ಷಕರು ಬಂದು, ಕೈಗೆ ಗೊಂಬೆ ಕೊಟ್ಟು ಹಿಡಿಯಲು ಕಲಿಸುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ರ‍್ಯಾಂಪ್ ಇಲ್ಲದ ಶಾಲೆಗೆ ಅನುಕೂಲವಾಗಲೆಂದು ಶಾಲೆಗೆ ಬರಬಲ್ಲ ಮಗುವನ್ನು ಆ ಪಟ್ಟಿಗೆ ಸೇರಿಸುವುದು ಅನ್ಯಾಯ. ನಿಮ್ಮ ಮಗು ನಿಜಕ್ಕೂ ಆ ಪಟ್ಟಿಯಲ್ಲಿರಬೇಕಾದರೂ, ಶಿಕ್ಷಕರು ಯಾವ ದಿನ ಬರುತ್ತಾರೆಂಬುದನ್ನು ಗೊತ್ತುಮಾಡಿಕೊಳ್ಳಿ. ಆರು ತಿಂಗಳಿಗೊಮ್ಮೆ ‘ಈಗ ಶಾಲೆಗೆ ಬರಬಹುದೇ’ ಎಂದು ಮರುಪರಿಶೀಲಿಸಲು ಕೇಳಿ. ಶಾಲಾ ಸಿದ್ಧತಾ ಕೇಂದ್ರ ನಿಮ್ಮ ತಾಲ್ಲೂಕಿನಲ್ಲಿದ್ದರೆ ಮನೆಯಿಂದ ತರಗತಿಗೆ ಬರುವ ನಡುವಿನ ಮೆಟ್ಟಿಲಾಗಿ ಅದನ್ನು ಬಳಸಿಕೊಳ್ಳಬಹುದು.

ಸುರಕ್ಷತೆ: ಮಗುವಿನ ಜೊತೆ ಶಾಲೆಯನ್ನು ಒಂದು ಸುತ್ತು ಹಾಕಿ

ಮನೆಯ ಬಾಗಿಲಿನಿಂದ ಹೊರಟು, ಮಗು ನಡೆಯುವ ವೇಗದಲ್ಲೇ ನಡೆದು, ತರಗತಿ, ನೀರಿನ ನಲ್ಲಿ, ಬಿಸಿಯೂಟದ ಜಾಗ, ಶೌಚಾಲಯ, ಆಟದ ಮೈದಾನ ಎಲ್ಲವನ್ನೂ ನೋಡಿ. ಕಣ್ಣಿಗೆ ಬಿದ್ದದ್ದನ್ನು ಅಲ್ಲೇ ಬರೆದುಕೊಳ್ಳಿ. ರ‍್ಯಾಂಪ್ ಇದೆ ಎಂದರೆ ಸಾಲದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕು, ಎರಡೂ ಬದಿ ಹಿಡಿಕೆಯಿರಬೇಕು. ಜಾರುಬಂಡೆಯಂತೆ ಕಡಿದಾದ ರ‍್ಯಾಂಪ್‌ಗಳು ನಮ್ಮ ಶಾಲೆಗಳಲ್ಲಿ ಎಷ್ಟೋ ಇವೆ. ಗಾಲಿಕುರ್ಚಿಯ ಮಗುವಿಗೆ ಅವು ಮೆಟ್ಟಿಲಿಗಿಂತಲೂ ಅಪಾಯ. ದುರಸ್ತಿಯ ಬೇಡಿಕೆಯನ್ನು ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ಬರೆಸಿ.

ಹೇಳದೆ ಹೊರಟುಬಿಡುವ ಸ್ವಭಾವದ ಮಗುವಾದರೆ ಶಾಲೆಯ ಸುತ್ತಲಿನ ಕೆರೆ, ಬಾವಿ, ಹೆದ್ದಾರಿಗಳು ಎಷ್ಟು ದೂರದಲ್ಲಿವೆಯೆಂದು ಶಿಕ್ಷಕರಿಗೆ ತೋರಿಸಿಯೇ ಹೇಳಿ. ಗೇಟಿಗೆ ಚಿಲಕ ಹಾಕುವ ಹೊಣೆ ಯಾರದು, ಊಟದ ಬಿಡುವಿನಲ್ಲಿ ಮಗುವಿನ ಮೇಲೆ ಕಣ್ಣಿಡುವವರು ಯಾರು ಎಂಬುದಕ್ಕೆ ಹೆಸರು ಬೇಕು. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂಬ ಉತ್ತರವನ್ನು ಒಪ್ಪಬೇಡಿ. ಸಂಜೆ ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯನ್ನು ಫೋನ್ ಸಂಖ್ಯೆಯೊಂದಿಗೆ ಕೊಡಿ. ನುಂಗಲು ಕಷ್ಟವಿರುವ ಮಗುವಿಗೆ ಅನ್ನವನ್ನು ಹೇಗೆ ಮೆತ್ತಗೆ ಕಲಸಬೇಕು, ಎಷ್ಟು ನೇರವಾಗಿ ಕೂರಿಸಬೇಕು ಎಂದು ಬಿಸಿಯೂಟದ ಅಡುಗೆಯವರಿಗೆ ಒಂದು ದಿನ ನೀವೇ ಮಾಡಿ ತೋರಿಸಿ.

ಅಪಸ್ಮಾರ, ಅಂದರೆ ಮೂರ್ಛೆರೋಗವಿರುವ ಮಗುವಿನ ವಿಷಯವನ್ನು ಮುಚ್ಚಿಡಬೇಡಿ. ಗೊತ್ತಿಲ್ಲದವರು ಗಾಬರಿಯಿಂದ ಮಾಡುವ ಉಪಚಾರವೇ ಹಲವು ಸಲ ಹಾನಿ ಮಾಡುತ್ತದೆ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಹಾಕುವುದು, ಕೈಕಾಲು ಬಿಗಿಯಾಗಿ ಹಿಡಿಯುವುದು ಇವು ಯಾವುವೂ ಬೇಡ. ಸುತ್ತಲಿನ ಬೆಂಚು, ಕಲ್ಲುಗಳನ್ನು ಸರಿಸಿ, ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ, ಅಥವಾ ಪ್ರಜ್ಞೆ ಬರುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಬೇಕು. ಈ ನಾಲ್ಕು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು, ಮಾತ್ರೆ ಕೊಡಬೇಕಿದ್ದರೆ ವೈದ್ಯರ ಚೀಟಿಯ ನಕಲಿನೊಂದಿಗೆ, ಶಿಕ್ಷಕರ ಕೊಠಡಿಯಲ್ಲಿ ಇರಿಸಿ.

ಇನ್ನು ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಬಟ್ಟೆ ಬದಲಿಸಲು, ಶೌಚಕ್ಕೆ ಹೋಗಲು ಬೇರೆಯವರ ಕೈ ಬೇಕಾದ ಮಗು, ನಡೆದದ್ದನ್ನು ಬಾಯಿಬಿಟ್ಟು ಹೇಳಲಾಗದ ಮಗು, ಲೈಂಗಿಕ ದೌರ್ಜನ್ಯಕ್ಕೆ ಸುಲಭವಾಗಿ ತುತ್ತಾಗುತ್ತದೆ. ಶೌಚಕ್ಕೆ ಕರೆದೊಯ್ಯುವವರು ಯಾರೆಂಬುದು ನಿಮ್ಮ ಒಪ್ಪಿಗೆಯಿಂದ, ಹೆಸರು ಸಮೇತ ನಿಗದಿಯಾಗಬೇಕು. ಹೆಣ್ಣುಮಗುವಿಗೆ ಮಹಿಳೆಯೇ ಇರಬೇಕು. ಆ ಹೊತ್ತಿನಲ್ಲಿ ಇನ್ನೊಬ್ಬರಿಗೂ ಅದು ತಿಳಿದಿರಬೇಕು. ದೇಹದ ಎಲ್ಲ ಭಾಗಗಳ ಹೆಸರನ್ನು, ‘ಬೇಡ’ ಎನ್ನುವುದನ್ನು ಮಗುವಿಗೆ ಮಾತಿನಲ್ಲೋ ಸನ್ನೆಯಲ್ಲೋ ಚಿತ್ರದಲ್ಲೋ ಕಲಿಸಿ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ಸಮವಸ್ತ್ರ ಕಂಡರೆ ಅಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಒಬ್ಬರನ್ನು ಕಂಡರೆ ಮುದುಡಿಕೊಳ್ಳುವುದು, ಇವು ಅದರ ಮಾತುಗಳು. ‘ಹಟ’ ಎಂದು ತಳ್ಳಿಹಾಕದೆ ಕಾರಣ ಹುಡುಕಿ. ಹೊಡೆತ, ಬೈಗುಳ, ಅಣಕ ಕೂಡ ಇದೇ ಗುರುತುಗಳನ್ನು ಬಿಡುತ್ತವೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ.

ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ. 2012ರ ಪೋಕ್ಸೊ ಕಾಯ್ದೆಯಂತೆ, ವಿಷಯ ತಿಳಿದ ಶಿಕ್ಷಕರೂ ಮುಖ್ಯ ಶಿಕ್ಷಕರೂ ಅದನ್ನು ವರದಿ ಮಾಡಲೇಬೇಕು. ‘ಶಾಲೆಯ ಮರ್ಯಾದೆ’ಯ ಮಾತಿಗೆ ಅಲ್ಲಿ ಜಾಗವಿಲ್ಲ. ನ್ಯಾಯಾಲಯದಲ್ಲಿ ಮಗುವಿನ ಸಾಕ್ಷ್ಯ ದಾಖಲಿಸುವಾಗ ವಿಶೇಷ ಶಿಕ್ಷಕರ ಅಥವಾ ಸನ್ನೆಭಾಷೆ ಬಲ್ಲವರ ನೆರವು ಪಡೆಯಲು ಅದೇ ಕಾಯ್ದೆಯ 38ನೆಯ ಕಲಮಿನಲ್ಲಿ ಅವಕಾಶವಿದೆ. ಮಾತು ಬಾರದ ಮಗು ಸಾಕ್ಷಿ ಹೇಳಲಾಗದೆಂದು ಯಾರಾದರೂ ಹೇಳಿದರೆ ಈ ಕಲಮನ್ನು ನೆನಪಿಸಿ.

ಪರೀಕ್ಷೆಗಳು

ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಭಾಷೆಯೊಂದರ ವಿನಾಯಿತಿ ಇವು ಎಸ್‌ಎಸ್‌ಎಲ್‌ಸಿಯಲ್ಲಿ ದೊರೆಯುತ್ತವೆ. ಅರ್ಜಿ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಲಿಗೆ ಹೋಗಬೇಕು, ಜೊತೆಗೆ ವೈದ್ಯಕೀಯ ಪ್ರಮಾಣಪತ್ರವಿರಬೇಕು. ಒಂಬತ್ತನೆಯ ತರಗತಿಯಲ್ಲೇ ಶಾಲಾ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಬರೆಸಿ ಅಭ್ಯಾಸ ಮಾಡಿಸಿ. ಉತ್ತರ ಗೊತ್ತಿದ್ದರೂ ಇನ್ನೊಬ್ಬರಿಗೆ ಹೇಳಿ ಬರೆಸುವುದು ಬೇರೆಯೇ ಆದ ಕೌಶಲ, ಮೊದಲ ಸಲಕ್ಕೇ ಅದು ಒಗ್ಗುವುದಿಲ್ಲ.

ಕೇಳಿದ್ದು ಆಗದಿದ್ದಾಗ

ಬಾಯಿಮಾತಿನ ದೂರಿಗೆ ಆಯುಷ್ಯವಿಲ್ಲ. ಮುಖ್ಯ ಶಿಕ್ಷಕರಿಗೆ ಬರೆದ ಪತ್ರದಲ್ಲಿ ಘಟನೆ, ದಿನಾಂಕ, ನಿಮಗೆ ಬೇಕಾದದ್ದು, ಎಷ್ಟು ದಿನದೊಳಗೆ ಬೇಕು ಎಂಬ ನಾಲ್ಕೇ ವಿಷಯಗಳಿರಲಿ. ನಕಲಿನ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಎರಡು ವಾರದಲ್ಲಿ ಉತ್ತರವಿಲ್ಲದಿದ್ದರೆ ಅದೇ ಪತ್ರದ ನಕಲಿನೊಂದಿಗೆ ಬಿಇಒ ಕಚೇರಿಗೆ, ಅಲ್ಲಿಂದ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಹೋಗಿ. ಶಿಕ್ಷಣ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಬರೆದ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆಯ 32ನೆಯ ಕಲಮು ಹೇಳುತ್ತದೆ. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ವೈಕಲ್ಯದ ಕಾರಣಕ್ಕೆ ತಾರತಮ್ಯ ನಡೆದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ ಬರೆಯಿರಿ.

ಮಗು ಐದನೆಯ ಅಥವಾ ಏಳನೆಯ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವಾಗ ಇಷ್ಟೆಲ್ಲ ಶ್ರಮ ಕಳೆದುಹೋಗುವ ಭಯವಿರುತ್ತದೆ. ವರ್ಗಾವಣೆ ಪತ್ರದಲ್ಲಿ ಇದಾವುದೂ ಬರೆದಿರುವುದಿಲ್ಲ. ಆದ್ದರಿಂದ ಏಪ್ರಿಲ್ ತಿಂಗಳಲ್ಲೇ ಹಳೆಯ ತರಗತಿ ಶಿಕ್ಷಕರಿಂದ ಯೋಜನೆಯ ಹಾಳೆಗಳ ನಕಲು ಪಡೆದು, ಮಗುವನ್ನೂ ಕರೆದುಕೊಂಡು ಹೊಸ ಶಾಲೆಗೆ ಹೋಗಿ, ಅಲ್ಲಿನ ಮುಖ್ಯ ಶಿಕ್ಷಕರ ಕೈಗೆ ಕಡತವನ್ನು ಕೊಡಿ. ಹೊರಡುವ ಮುನ್ನ ಶೌಚಾಲಯದ ಬಾಗಿಲಲ್ಲಿ ಮೆಟ್ಟಿಲಿದೆಯೇ ಎಂದು ನೋಡಿಕೊಂಡು ಬನ್ನಿ. ಇದ್ದರೆ ಅದನ್ನು ಸರಿಪಡಿಸಲು ಬೇಸಿಗೆ ರಜೆಯ ಸಮಯವಿರುತ್ತದೆ.